ಕೊರಳ ಕಪ್ಪು

ಜಡೆ ಹಾಕುವಾಗ ಮಹಾನಂದಾಳಿಗೆ ಅದು ಮೊದಲ ಸಲ ಕಂಡಿತು. ಎರಡು ಸಾವಿರದ ಆರನೇ ಇಸವಿಯ ಮಳೆಗಾಲ, ಶಾಲೆ ಆಗಷ್ಟೇ ಶುರುವಾಗಿತ್ತು. ಮಗಳು ಸ್ನೇಹಲ್ ಮಣೆಯ ಮೇಲೆ ಕೂತು ಒಂಬತ್ತನೇ ಇಯತ್ತೆಯ ಹೊಸ ಪುಸ್ತಕಗಳ ವಾಸನೆ ನೋಡುತ್ತಿದ್ದಳು. ಬೈತಲೆ ತೆಗೆದು ಕೂದಲನ್ನು ಎರಡು ಪಾಲು ಮಾಡಿ ಮುಂದಕ್ಕೆ ಹಾಕಿದರೆ, ಹಿಂಗತ್ತಿನಲ್ಲಿ, ಸರಿಯಾಗಿ ಲಿಂಗದ ಶಿವದಾರ ಹಾದುಹೋಗುವ ಜಾಗದಲ್ಲಿ, ಬೆರಳಗಲದ ಕಪ್ಪು ಪಟ್ಟಿ. ಸೆರಗಿನ ತುದಿ ನೀರಿಗೆ ಅದ್ದಿ ಉಜ್ಜಿದಳು. ಹೋಗಲಿಲ್ಲ.

"ಕೊರಳು ತಿಕ್ಕೋತಿ ಇಲ್ಲ ನೀ?"

"ದಿನಾ ತಿಕ್ಕೋತೀನವ್ವಾ."

"ಹ್ಯಾಂಗ ತಿಕ್ಕೋತಿ? ನೊಗ ಹೊತ್ತ ಎತ್ತಿನ ಹೆಗಲ ಆಗ್ಯಾದ ಇದು."

ಸ್ನೇಹಲ್ ನಕ್ಕಳು. ಮಹಾನಂದಾ ನಗಲಿಲ್ಲ. ಮರುದಿನದಿಂದ ಕಡಲೆಹಿಟ್ಟು, ಅರಿಶಿನ, ನಿಂಬೆರಸ ಕಲಸಿಟ್ಟುಕೊಂಡು ಸ್ನಾನಕ್ಕೆ ಮುಂಚೆ ತಾನೇ ತಿಕ್ಕತೊಡಗಿದಳು. ಹುಡುಗಿ ಉರಿ ತಾಳದೆ ಕೂಗುವ ತನಕ ತಿಕ್ಕುತ್ತಿದ್ದಳು. ಚರ್ಮ ಕೆಂಪಾಗುತ್ತಿತ್ತು. ಎರಡು ದಿನ ಬಿಟ್ಟು ನೋಡಿದರೆ ಮೊದಲಿಗಿಂತ ಕಪ್ಪಾಗಿರುತ್ತಿತ್ತು.

ದಾರದ್ದೇ ಕೆಲಸ ಎಂದು ಅವಳಿಗೆ ಹೊಳೆದದ್ದು ಆಗ. ದಾರ ಎಂದ ಕೂಡಲೇ ಹುಮನಾಬಾದು ನೆನಪಾಯಿತು.

ಕೆಲವು ವರ್ಷಗಳ ಹಿಂದೆ ಹುಮನಾಬಾದಿನ ಮನೆಯಲ್ಲಿ ಸ್ನೇಹಲ್‌ಗೂ ಅವಳ ದೊಡ್ಡಪ್ಪ ಗುರುನಾಥನ ಮಗಳು ಪೂನಂಗೂ ಒಂದೇ ಮುಹೂರ್ತದಲ್ಲಿ ಲಿಂಗದೀಕ್ಷೆ ಆಗಿತ್ತು. ಅತ್ತೆ ಪಾರ್ವತಿಬಾಯಿ ಇರುವುದು ಹಿರಿಮಗನ ಆ ಮನೆಯಲ್ಲೇ. ಅವರು ತಮ್ಮ ಅತ್ತೆಯಿಂದ ಬಂದ ಬೆಳ್ಳಿಯ ಕರಡಿಗೆಯನ್ನು ಅದರ ಬೆಳ್ಳಿ ಸರದ ಸಮೇತ ಟ್ರಂಕಿನಿಂದ ತೆಗೆದರು. ಲಿಂಗವನ್ನು ಒಳಗಿಟ್ಟು ಕೊರಳಲ್ಲಿ ಧರಿಸುವ ಆ ಪುಟ್ಟ ದುಂಡು ಡಬ್ಬಿ ಮನೆಯಲ್ಲಿ ಒಂದೇ ಇತ್ತು. ಅದು ಪೂನಂ ಕೊರಳಿಗೆ ಹೋಯಿತು. ಸ್ನೇಹಲ್‌ಗೆ ಸಿಕ್ಕಿದ್ದು ಬಿಳಿ ಅರಿವೆಯ ಚೀಲ, ನೂಲಿನ ದಾರ. "ಪೂನಂ ಎರಡ ತಿಂಗಳಿಗಿ ಹಿರೇಕಿ" ಎಂದಿದ್ದರು ಅತ್ತೆ. ಎರಡು ತಿಂಗಳು! ಮಹಾನಂದಾ ಅಂದು ನಗುನಗುತ್ತಲೇ ಊಟಕ್ಕೆ ಬಡಿಸಿದ್ದಳು. ಅಂದಿನಿಂದ ಹುಮನಾಬಾದಿಗೆ ಹೋದಾಗಲೆಲ್ಲ ಅವಳ ಕಣ್ಣು ಮೊದಲು ಪೂನಂ ಕೊರಳಿಗೆ ಹೋಗುತ್ತಿತ್ತು.

ನಾಗರಪಂಚಮಿಗೆ ಪೂನಂ ಕಲ್ಯಾಣಕ್ಕೆ, ಇವರ ಮನೆಗೆ ಬಂದಳು. ಖೋಖೋ ಆಡಿ ಆಡಿ ಕೈಕಾಲು ಹುರಿದ ಕಡಲೆಯ ಬಣ್ಣಕ್ಕೆ ತಿರುಗಿದ್ದವು. ಜಡೆ ಸರಿಮಾಡುವ ನೆಪದಲ್ಲಿ ಮಹಾನಂದಾ ಅವಳ ಕೂದಲೆತ್ತಿ ನೋಡಿದಳು. ಕೈಕಾಲಿನದೇ ಬಣ್ಣ, ಎಲ್ಲ ಕಡೆ ಒಂದೇ ಸಮ. ಪಟ್ಟಿಯಿಲ್ಲ, ಕಲೆಯಿಲ್ಲ. ನಡುವೆ ಬೆಳ್ಳಿಯ ಸರ ತಣ್ಣಗೆ ಹೊಳೆಯುತ್ತಿತ್ತು.

ಮಹಾನಂದಾ ಬಿ.ಎ. ಓದಿದವಳು. ಯಾವುದಕ್ಕೂ ಒಂದು ಕಾರಣ ಬೇಕು ಅವಳಿಗೆ. ನೂಲು ಬೆವರು ಹೀರುತ್ತದೆ, ಬಿಸಿಲು ಅದನ್ನು ಚರ್ಮಕ್ಕೆ ಸುಡುತ್ತದೆ. ಬೆಳ್ಳಿ ತಂಪು, ಏನನ್ನೂ ಹೀರುವುದಿಲ್ಲ. ಹಾಗಾಗಿ ಹಗಲೆಲ್ಲ ಬಿಸಿಲಲ್ಲಿ ಓಡುವವಳ ಕೊರಳು ಸ್ವಚ್ಛ, ತನ್ನ ಮಗಳ ಕೊರಳು ಕಪ್ಪು. ಲೆಕ್ಕ ಎಷ್ಟು ಸರಿ ಕೂತಿತೆಂದರೆ, ಅತ್ತೆ ಅಂದು ಮಾಡಿದ ಭೇದವೇ ಮಗಳ ಮೈಮೇಲೆ ಮೂಡಿದೆ ಎಂದು ಅವಳಿಗೆ ಖಾತ್ರಿಯಾಯಿತು.

ಗಂಡ ಸತೀಶಕುಮಾರನದು ಬೀಜ-ಗೊಬ್ಬರದ ಅಂಗಡಿ. ಕೇಳಿ ನಕ್ಕ. "ಅಷ್ಟೇ ಆದ್ರ ನಾಳೇ ಸರಾಫ್ ಬಜಾರಕ್ಕ ಹೋಗಿ ಬೆಳ್ಳೀದು ಒಂದು ತರ್ತೀನಿ, ಬಿಡು."

"ಬ್ಯಾಡ್ರಿ."

"ಯಾಕ?"

"ಬಜಾರದ ಬೆಳ್ಳಿ ನನಗ ಬ್ಯಾಡ್ರಿ."

ಬೆಳ್ಳಿ ಬರುವುದಾದರೆ ಆ ಟ್ರಂಕಿನಿಂದಲೇ ಬರಬೇಕಿತ್ತು.

ಬೆಳ್ಳಿ ಬರುವ ತನಕ ಬಿಸಿಲನ್ನಾದರೂ ತಪ್ಪಿಸೋಣ ಎಂದುಕೊಂಡಳು. ಸ್ನೇಹಲ್ ಶಾಲೆಗೆ ಹೋಗುತ್ತಿದ್ದ ಸೈಕಲ್ಲು ಮೆಟ್ಟಿಲ ಕೆಳಗೆ ಸೇರಿತು. ಪರದೆ ಇಳಿಬಿಟ್ಟ ಆಟೊ ಗೊತ್ತಾಯಿತು. ಆಟದ ತಾಸಿನಲ್ಲಿ ಹುಡುಗಿಗೆ ತಲೆ ಸುತ್ತುತ್ತದೆ ಎಂದು ಶಾಲೆಗೆ ಹೋಗಿ ಹೇಳಿ ಬಂದಳು. ಸಂಜೆ ಮಾಳಿಗೆಯ ಮೇಲೆ ಓಣಿಯ ಹುಡುಗಿಯರು ಸೇರುತ್ತಿದ್ದರು. ಅದೂ ನಿಂತಿತು. ಸ್ನೇಹಲ್ ಮೊದಮೊದಲು ಜಗಳಾಡಿದಳು, ಆಮೇಲೆ ಟಿ.ವಿ. ಮುಂದೆ ಕೂರತೊಡಗಿದಳು. ಕೂತಲ್ಲಿಗೆ ಚಹಾ, ಚಹಾದ ಜೊತೆ ಖಾರಿ, ಬಿಸ್ಕೀಟು. ಹುಡುಗಿ ಮುನಿಸಿಕೊಂಡಿದ್ದಾಳೆಂದು ಮಹಾನಂದಾ ವಾರಕ್ಕೊಮ್ಮೆ ಹೋಳಿಗೆ ಮಾಡುತ್ತಿದ್ದಳು. ದೀಪಾವಳಿಗೆ ಹೊಲಿಸಿದ ಚೂಡಿದಾರದ ಹೊಲಿಗೆಯನ್ನು ಸಂಕ್ರಾಂತಿಯ ಹೊತ್ತಿಗೆ ಬಿಚ್ಚಿಸಿ ಅಗಲ ಮಾಡಬೇಕಾಯಿತು.

ಮುಖ, ಕೈ ಮಾತ್ರ ಬೆಳ್ಳಗಾದವು. ಎದುರುಮನೆಯ ಜಿಜಾಬಾಯಿ ಅದನ್ನು ಗುರುತಿಸಿದಳು, ಬೇಕಿದ್ದಕ್ಕಿಂತ ಹೆಚ್ಚು ಗುರುತಿಸಿದಳು. "ಮಹಾನಂದಾ ಬಾಯಿ, ನಿಮ್ಮ ಹುಡುಗಿ ಮಾರಿ ಹಾಲಿನಂಗ ಆಗ್ಯಾದ ನೋಡ್ರಿ. ಕೊರಳು ಯಾಕೋ ಆ ಹಾಲು ಕಾಸಿದ ಬೋಗಾಣಿ ತಳಾ ಆಗ್ಯಾದ."

ಮಹಾನಂದಾ ಅಂದಿನಿಂದ ಮಗಳಿಗೆ ಕಾಲರ್ ಇರುವ ಅಂಗಿಗಳನ್ನೇ ಹೊಲಿಸಿದಳು.

*

ಬೇಸಿಗೆಯಲ್ಲಿ ಎರಡೂ ಮನೆಯ ಶಾವಿಗೆ, ಸಂಡಿಗೆ ಹುಮನಾಬಾದಿನ ಮಾಳಿಗೆಯ ಮೇಲೇ ಆಗುವುದು ಪದ್ಧತಿ. ತಾಯಿ ಮಗಳು ಮುಂಜಾನೆಯ ಬಸ್ಸಿಗೆ ಹೋದರು. ಗುರುನಾಥನ ಹೆಂಡತಿ, ದೊಡ್ಡ ನೆಗೆಣ್ಣಿ ಕಲಾವತಿ ಆಗಲೇ ಹಿಟ್ಟು ಬೇಯಿಸಿ, ಮಾಳಿಗೆಯ ತುಂಬ ಹಳೆಯ ಧೋತರ ಹಾಸಿಟ್ಟಿದ್ದಳು. ಪೂನಂ ಉದ್ದನೆಯ ಕೋಲು ಹಿಡಿದು ಕಾಗೆ ಓಡಿಸುತ್ತಿದ್ದಳು. ಓಡಿಸಬೇಕಾದ ಕಾಗೆ ಇಲ್ಲದಾಗಲೂ ಓಡುತ್ತಿದ್ದಳು.

ಸ್ನೇಹಲ್‌ಳನ್ನು ಮಹಾನಂದಾ ಮಾಳಿಗೆಯ ಬಾಗಿಲ ನೆರಳಿನಲ್ಲಿ ಕೂರಿಸಿದ್ದಳು.

"ಯಾಕ ಮಹಾನಂದಾ," ಪಾರ್ವತಿಬಾಯಿ ಕೇಳಿದರು, "ಹುಡುಗಿನ್ನ ಉಪ್ಪಿನಕಾಯಿ ಹಾಕೀಯೇನ? ನೆರಳಾಗ ಮುಚ್ಚಿ ಇಟ್ಟೀದಿ."

ಎಲ್ಲರೂ ನಕ್ಕರು. ಸ್ನೇಹಲ್ ಕೂಡ ನಕ್ಕಳು. ಮಹಾನಂದಾಳಿಗೆ ಮಗಳು ನಕ್ಕದ್ದೇ ಹೆಚ್ಚು ಚುಚ್ಚಿತು.

"ಬಿಡ್ರಿ ಅತ್ತಿ, ಬಿಸಿಲ ಆಗಂಗಿಲ್ಲೇನೋ ಅದಕ್ಕ" ಎಂದ ಕಲಾವತಿ ಸ್ನೇಹಲ್‌ಗೆ ಹಸಿ ಸಂಡಿಗೆ ಹಿಟ್ಟು ಕೊಡಲು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. ಸೆಕೆಗೆ ಹುಡುಗಿ ಮೇಲಿನ ಗುಂಡಿ ಬಿಚ್ಚಿದ್ದಳು. "ಕೊರಳಿಗಿ ಏನಾಗ್ಯಾದ ಇದು? ಯಾರಿಗರೆ ತೋರ್ಸೀಯೇನ ಮಹಾನಂದಾ?"

ಈ ಪ್ರಶ್ನೆಗೆ ಮಹಾನಂದಾ ಎಷ್ಟೋ ದಿನದಿಂದ ಉತ್ತರ ಹೊಂದಿಸಿಟ್ಟುಕೊಂಡಿದ್ದಳು.

"ದಾರದ್ದು ಅಕ್ಕಾ. ನೂಲು ಬೆವರ ಹಿಡೀತದ. ಬೆಳ್ಳೀದು ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ."

ಪಾರ್ವತಿಬಾಯಿಯ ಕೈಯಲ್ಲಿದ್ದ ಶಾವಿಗೆಯ ಎಳೆ ನಿಂತಿತು. ಅವರು ಸೊಸೆಯ ಮುಖ ನೋಡಿದರು. ಕಲಾವತಿ ಮಗಳ ಕಡೆ ನೋಡಿದಳು. ಪೂನಂ ಕೋಲು ಕೆಳಗಿಟ್ಟು ಚಿಕ್ಕಮ್ಮನ ಬಳಿ ಬಂದಳು.

"ಕಾಕು, ಅಷ್ಟೇ ಹೌದಿಲ್ರಿ? ನನಗ ಇದು ಓಡೂವಾಗ ಎದಿಗಿ ಬಡೀತದ. ಸ್ನೇಹಲ್ ಹಾಕ್ಕೊಳ್ಳಲಿ, ನನಗ ದಾರಾ ಕೊಡ್ರಿ."

ಸಂಜೆ ಸ್ನಾನ ಮುಗಿಸಿ ಪೂಜೆಗೆ ಕೂತಾಗ ಇಬ್ಬರೂ ತಮ್ಮ ತಮ್ಮ ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದುಕೊಂಡರು. ಲಿಂಗ ಅದಲು ಬದಲಾಗುವಂಥದಲ್ಲ. ಕರಡಿಗೆ ಮಾತ್ರ ಆ ಕಡೆಯಿಂದ ಈ ಕಡೆ ಬಂತು, ನೂಲಿನ ದಾರ ಆ ಕಡೆ ಹೋಯಿತು. ಇಷ್ಟು ವರ್ಷ ಮಹಾನಂದಾಳ ಎದೆಯಲ್ಲಿ ಕೂತಿದ್ದ ವಸ್ತುವನ್ನು ಆ ಹುಡುಗಿ ಪೆನ್ಸಿಲ್ ಕೊಟ್ಟಂತೆ ಕೊಟ್ಟುಬಿಟ್ಟಳು.

ಮರಳುವ ಬಸ್ಸು ರಾಜೇಶ್ವರ ದಾಟುವಾಗ ಮಹಾನಂದಾ ಮಗಳ ಕೊರಳ ಬೆಳ್ಳಿಯನ್ನು ಮುಟ್ಟಿ ನೋಡಿದಳು. ಸಂತೋಷವಾಗಬೇಕಿತ್ತು. ಪೂನಂಗೆ ಅದು ಬೇಡವಾಗಿತ್ತು ಎಂಬುದೇ ಮತ್ತೆ ಮತ್ತೆ ನೆನಪಾಯಿತು. ಬೇಡವಾದದ್ದೇ ತನ್ನ ಮಗಳ ಪಾಲಿಗೆ ಬರುವುದು ಎಂದುಕೊಂಡಳು.

*

ಮಳೆಗಾಲ ಬಂತು. ಬೆಳ್ಳಿ ಬಂದರೂ ಕಪ್ಪು ಹೋಗಲಿಲ್ಲ. ಪಟ್ಟಿ ಅಗಲವಾಯಿತು, ದಪ್ಪವಾಯಿತು, ಮಖಮಲ್ಲು ಮುಟ್ಟಿದಂತೆ ಆಗತೊಡಗಿತು. ಕಂಕುಳಲ್ಲೂ ಕಾಣಿಸಿತು, ಅಲ್ಲಿ ಯಾವ ದಾರವೂ ಇರಲಿಲ್ಲ. ಸ್ನೇಹಲ್ ಹತ್ತನೇ ಇಯತ್ತೆಗೆ ಬಂದಿದ್ದಳು. ಶಾಲೆಯಿಂದ ಬಂದವಳೇ ಮಲಗುತ್ತಿದ್ದಳು. ಮೆಟ್ಟಿಲು ಹತ್ತಿದರೆ ಕಾಲು ನೋವು, ಬೆನ್ನು ನೋವು.

ಕಲಾವತಿ ಫೋನು ಮಾಡಿದಾಗಲೆಲ್ಲ ಅದೇ ಮಾತು. "ಇಲ್ಲಿಗಿ ಕರಕೊಂಡ ಬಾ, ಇಲ್ಲಿ ಛಲೋ ಡಾಕ್ಟರ್ ಆರ." ಹುಮನಾಬಾದಿಗೆ ಹೋದರೆ ಕಲಾವತಿಯೇ ಮುಂದೆ ನಿಂತು ತೋರಿಸುತ್ತಾಳೆ, ಆಮೇಲೆ ಊರೆಲ್ಲ ಕಲಾವತಿ ಕಂಡುಹಿಡಿದದ್ದು ಎಂದಾಗುತ್ತದೆ. ಮಹಾನಂದಾ ಯಾರಿಗೂ ಹೇಳದೆ ಕಲ್ಯಾಣದಲ್ಲೇ ಡಾಕ್ಟರ್ ಗೌಹರ ಅವರ ದವಾಖಾನೆಗೆ ಹೋದಳು.

ಡಾಕ್ಟರು ಸ್ನೇಹಲ್‌ಳ ಕಾಲರು ಸರಿಸಿ, ಹತ್ತಿಗೆ ಸ್ಪಿರಿಟು ಹಚ್ಚಿ ಕೊರಳು ಒರೆಸಿದರು. ಹತ್ತಿಯನ್ನು ಮಹಾನಂದಾಳಿಗೆ ತೋರಿಸಿದರು. ಬೆಳ್ಳಗೇ ಇತ್ತು.

"ಇದು ಹೊಲಸ ಅಲ್ರಿ. ಎಷ್ಟ ತಿಕ್ಕಿದ್ರೂ ಹೋಗಂಗಿಲ್ಲ. ಬಹಳ ತಿಕ್ಕೀರೇನು ಬೇಟಾಗ?"

ಸ್ನೇಹಲ್ ತಾಯಿಯನ್ನು ನೋಡಿದಳು. ಮಹಾನಂದಾ ಗೋಡೆಯ ಮೇಲಿದ್ದ ಕೂಸಿನ ಚಿತ್ರ ನೋಡಿದಳು.

"ಬಿಸಿಲಾಗ ಆಡ್ತಾಳೇನು?"

"ಇಲ್ರಿ. ಒಂದು ವರ್ಷ ಆತು, ಬಿಸಿಲಿಗಿ ಕಳಸೇ ಇಲ್ರಿ." ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಮನ್ಯಾಗ ಯಾರಿಗರೆ ಸಕ್ಕರಿ ಕಾಯಿಲೆ ಅದ ಏನ್ರಿ?"

"ನಮ್ಮ ಅತ್ತಿಯವರಿಗದ."

ಉಪವಾಸವಿದ್ದು ರಕ್ತ ಕೊಟ್ಟರು. ಒಂದು ಶೀಶೆ ಹೈದರಾಬಾದಿಗೂ ಹೋಯಿತು. ಅದರ ಫಲಿತಾಂಶ ಬಂದ ದಿನ ಸತೀಶಕುಮಾರ ಅಂಗಡಿ ಮುಚ್ಚಿ ಜೊತೆಗೆ ಬಂದ. ಡಾಕ್ಟರು ನಿಧಾನವಾಗಿ ಹೇಳಿದರು. ಉಪವಾಸದ ಸಕ್ಕರೆ ನೂರಾ ಹದಿನಾಲ್ಕು. ನೂರರ ಒಳಗಿರಬೇಕಿತ್ತು. ಕಾಯಿಲೆಯ ಮಟ್ಟಕ್ಕೆ ಇನ್ನೂ ಹೋಗಿಲ್ಲ, ಅದರ ಹೊಸ್ತಿಲಲ್ಲಿದೆ. ಮೈಯಲ್ಲಿ ಇನ್ಸುಲಿನ್ ಇದೆ, ಆದರೆ ಮೈ ಅದರ ಮಾತು ಕೇಳುತ್ತಿಲ್ಲ. ಅದಕ್ಕೆ ಮೈ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಅದು ಹೆಚ್ಚಾದಾಗ ಕೊರಳಿನ ಚರ್ಮ ಹೀಗೆ ದಪ್ಪವಾಗಿ ಕಪ್ಪಾಗುತ್ತದೆ. ಇನ್ನು ವಿಟಮಿನ್ ಡಿ, ಅದಂತೂ ತೀರಾ ಕಡಿಮೆ.

"ಅದು ಬಿಸಿಲಿಲೇ ಚರ್ಮದಾಗ ಆಗೂದು. ಬಿಸಿಲ ಕಮ್ಮಿ ಆದ್ರ ಅದೂ ಕಮ್ಮಿ. ಎಲುಬು ನೋವು ಅದಕ್ಕೇ."

"ಹಂಗಾರ ಸಕ್ಕರಿನೂ ಬಿಸಿಲಿಲ್ದೇ ಬಂತೇನ್ರಿ?" ಸತೀಶಕುಮಾರ ಕೇಳಿದ.

"ಹಂಗಂತ ನಾ ಹೇಳಂಗಿಲ್ಲ. ಡಿ ಕಮ್ಮಿ ಇದ್ದ ಮಕ್ಕಳೊಳಗ ಸಕ್ಕರಿ ಏರೂದು ಜಾಸ್ತಿ ಕಾಣ್ತದ ಅಂತ ಓದೇನಿ. ಒಂದರಿಂದನೇ ಇನ್ನೊಂದು ಆಗ್ತದೋ ಇಲ್ಲೋ, ಅದು ಇನ್ನೂ ಯಾರಿಗೂ ಪಕ್ಕಾ ಇಲ್ಲ. ಮನಿತನದಾಗ ಅದ, ತೂಕ ಏರ್‍ಯಾದ, ಆಟ ನಿಂತದ, ಸಿಹಿ ಜಾಸ್ತಿ ಆಗ್ಯಾದ. ಎಲ್ಲಾ ಕೂಡ್ಯಾವ. ಡಿ ಪುಡಿ ಕೊಡ್ತೀನಿ, ವಾರಕ್ಕೊಂದು ಹಾಲಿನಾಗ. ಬರೇ ಪುಡಿ ನಂಬಬ್ಯಾಡ್ರಿ. ಹುಡುಗಿ ಓಡಬೇಕು, ಸಿಹಿ ಬಿಡಬೇಕು. ಈಗ ಹಿಂದ ಸರಿಸಬಹುದು. ಹಿಂಗೇ ಏರಿದ್ರ ಜನ್ಮಪೂರ್ತಿ ಗುಳಗಿ." ಆಮೇಲೆ ನೆನಪಾದಂತೆ, "ಅಜ್ಜಿಗಿ ಅದ ಅಂದ್ರಿ. ಬ್ಯಾರೆ ಮೊಮ್ಮಕ್ಕಳಿದ್ರ ಅವ್ರಿಗೂ ಒಮ್ಮಿ ನೋಡಸ್ರಿ."

ಮಹಾನಂದಾಳಿಗೆ ಪೂನಂ ನೆನಪಾದಳು. ಅವಳಿಗೂ ಇರಬಹುದು. ಆ ಯೋಚನೆ ಒಂದು ಕ್ಷಣ, ಬಾಯಾರಿದಾಗ ನೀರು ಕುಡಿದಂತೆ, ಹಿತವಾಗಿತ್ತು. ಆಟೊದಲ್ಲಿ ಕೂತ ಮೇಲೆ ಪರದೆಯ ಹಗ್ಗವನ್ನು ಬಿಚ್ಚಲು ಹೋದ ಅವಳ ಕೈ ತಡೆಯಿತು. ಪರದೆ ಮೇಲೇ ಉಳಿಯಿತು. ಬಿಸಿಲು ಮಗಳ ಮಡಿಲಿಗೆ ಬಿತ್ತು.

ಮನೆಗೆ ಬಂದು ಬಾಗಿಲು ಹಾಕಿದಳು. "ಹುಮನಾಬಾದಿನವರಿಗಿ ಇದು ಗೊತ್ತಾಗಬಾರದು."

"ಯಾಕ? ನಮ್ಮ ಅವ್ವಗೇ ಹೇಳೂದು ಬ್ಯಾಡೇನು?" ಎಂದ ಸತೀಶಕುಮಾರ.

"ನಿಮ್ಮ ವೈನಿ ಮುಂದ ನನ್ನ ಮಗಳು ಬೀಮಾರ ಆಗಿ ನಿಲ್ಲೂದು ಬ್ಯಾಡ್ರಿ. ಅವ್ರ ಮಗಳು ಓಡಿ ಓಡಿ ಕಪ್ ಗೆಲ್ತಾಳ, ನನ್ನ ಮಗಳಿಗಿ ಮುದುಕರ ಕಾಯಿಲೆ. ಕೇಳಿದ್ರ ರಕ್ತ ಕಮ್ಮಿ ಅದ ಅಂತ ಹೇಳ್ತೀನಿ."

ಸ್ನೇಹಲ್ ಮೂಲೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಹೂಂ ಎಂದಳು.

*

ಅಲ್ಲಿಂದ ಮಹಾನಂದಾ ಡಾಕ್ಟರು ಹೇಳಿದ್ದನ್ನೆಲ್ಲ ಮಾಡಿದಳು. ಸೈಕಲ್ಲು ಮೆಟ್ಟಿಲ ಕೆಳಗಿಂದ ಹೊರಬಂತು. ಚಹಾದ ಸಕ್ಕರೆ ನಿಂತಿತು. ಹೋಳಿಗೆಯ ಹಂಚು ಅಟ್ಟಕ್ಕೆ ಹೋಯಿತು. ಪುಡಿ ಬೆರೆಸಿದ ಹಾಲನ್ನು ಎದುರಿಗೆ ನಿಂತು ಕುಡಿಸುತ್ತಿದ್ದಳು. ಬೆಳಗಿನ ಬಿಸಿಲಲ್ಲಿ ಮಗಳನ್ನು ಮಾಳಿಗೆಗೆ ಕಳಿಸಿ ತಾನೂ ಬಟ್ಟೆ ಒಣಹಾಕುವ ನೆಪದಲ್ಲಿ ಹೋಗಿ ಕಾಯುತ್ತಿದ್ದಳು.

ಅವಳು ಹೇಳಿದ ಸುಳ್ಳು ಮಾತ್ರ ತನ್ನ ದಾರಿಯಲ್ಲಿ ನಡೆದಿತ್ತು. ರಕ್ತ ಕಮ್ಮಿ ಎಂದು ಕೇಳಿದ ಕಲಾವತಿ ಸುಮ್ಮನಿರಲಿಲ್ಲ. ಖಾರೀಕು, ಅಂಟು, ಬೆಲ್ಲ, ತುಪ್ಪ ಹಾಕಿ ಉಂಡೆ ಕಟ್ಟಿ, ಸ್ಟೀಲಿನ ಡಬ್ಬಿಗೆ ತುಂಬಿ, ಮೇಲೆ ಅರಿವೆ ಕಟ್ಟಿ ಕಲ್ಯಾಣದ ಬಸ್ಸಿಗೆ ಕೊಟ್ಟು ಕಳಿಸಿದಳು. ಡಬ್ಬಿ ಖಾಲಿಯಾಗಿ ಮರಳುವ ಮುಂಚೆಯೇ ಇನ್ನೊಂದು ಬಂತು.

"ಉಂಡಿ ಸಾಕು ಅಕ್ಕಾ, ಯಾಕ ತ್ರಾಸ ಮಾಡ್ಕೋತೀರಿ" ಎಂದು ಮಹಾನಂದಾ ಫೋನಿನಲ್ಲಿ ಹೇಳಿದಳು.

"ತ್ರಾಸ ಏನು ಬಂತು ಅದರಾಗ? ನನ್ನ ಮಗಳಲ್ಲೇನ ಆಕಿ? ನೀ ಸಂಕೋಚ ಮಾಡಬ್ಯಾಡ" ಎಂದ ಕಲಾವತಿ ಮುಂದಿನ ವಾರ ಗೋಡಂಬಿಯನ್ನೂ ಸೇರಿಸಿದಳು.

ಮಹಾನಂದಾ ಡಬ್ಬಿಗಳನ್ನು ಮೇಲಿನ ಹಲಗೆಯ ಮೇಲಿಡುತ್ತಿದ್ದಳು. ಎಸೆಯಲು ಮನಸ್ಸು ಬರಲಿಲ್ಲ. ಬೇರೆಯವರಿಗೆ ಕೊಟ್ಟರೆ ಮಾತು ಹುಮನಾಬಾದಿಗೆ ಮುಟ್ಟುತ್ತದೆ. ಹಲಗೆ ಎಷ್ಟು ಎತ್ತರ ಎಂಬುದು ಸ್ಟೂಲು ಇರುವ ಮನೆಯ ಹುಡುಗಿಗೆ ಗೊತ್ತಿತ್ತು.

ಮತ್ತೆ ರಕ್ತ ನೋಡಿದಾಗ ನೂರಾ ಇಪ್ಪತ್ತೊಂದಾಗಿತ್ತು. ಡಾಕ್ಟರ್ ಗೌಹರ ಕನ್ನಡಕ ತೆಗೆದಿಟ್ಟರು. "ಏನ ತಿನ್ನಾಕತ್ತೀ ಬೇಟಾ? ಖರೇ ಹೇಳು."

"ದೊಡ್ಡವ್ವ ಕಳಿಸಿದ ಉಂಡಿ ರಿ" ಎಂದು ಸ್ನೇಹಲ್ ಅತ್ತಳು. "ಅವ್ವ ಎಲ್ಲಾ ಬಂದ್ ಮಾಡ್ಯಾಳ. ಹಸಿವಿ ಆಗ್ತದ್ರಿ."

"ಕಳಿಸೂರಿಗಿ ಹೇಳಬೇಕಿಲ್ಲೋ ಹಿಂಗದ ಅಂತ?" ಡಾಕ್ಟರು ಮಹಾನಂದಾಳ ಕಡೆ ತಿರುಗಿದರು. "ಇನ್ನೊಂದು ಐದು ಮ್ಯಾಲ ಹೋದ್ರ ನಾ ಇದಕ್ಕ ಕಾಯಿಲೆ ಅಂತನೇ ಬರೀಬೇಕಾಗ್ತದ್ರಿ."

ದಾರಿಯುದ್ದಕ್ಕೂ ಮಹಾನಂದಾಳಿಗೆ ಒಂದೇ ಯೋಚನೆ. ಕಲಾವತಿಗೆ ಗೊತ್ತಿದ್ದೇ ಕಳಿಸುತ್ತಿದ್ದಾಳೆಯೇ? ಕೊರಳು ನೋಡಿದ ದಿನವೇ ಅವಳಿಗೆ ಹೊಳೆದಿರಬೇಕು, ಅವಳ ಮನೆಯಲ್ಲೇ ಸಕ್ಕರೆಯ ಅತ್ತೆ ಇದ್ದಾರಲ್ಲ. ಮನೆ ಮುಟ್ಟುವ ಹೊತ್ತಿಗೆ ಆ ಯೋಚನೆ ತನ್ನಷ್ಟಕ್ಕೆ ಬಾಡಿತು. ಗೊತ್ತಿದ್ದರೆ ಕಲಾವತಿ ಉಂಡೆಯ ಬದಲು ಡಾಕ್ಟರನ್ನೇ ಬಸ್ಸಿಗೆ ಹತ್ತಿಸಿ ಕಳಿಸುತ್ತಿದ್ದಳು. ಅದು ಮಹಾನಂದಾಳಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಅವಳಿಗೆ ಕಷ್ಟವಾಗಿತ್ತು.

*

ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಯಂದು, ಎಲ್ಲರೂ ರಾಜೇಶ್ವರದ ತಮ್ಮ ಹೊಲದಲ್ಲಿ ಸೇರಿದರು. ಜೋಳ ತೆನೆ ಕಟ್ಟಿತ್ತು. ಜೋಳದ ಕಣಿಕೆ ನಿಲ್ಲಿಸಿ ಕಟ್ಟಿದ ಪುಟ್ಟ ಕೊಪ್ಪಿಯೊಳಗೆ ಐದು ಕಲ್ಲಿಟ್ಟು ಪೂಜೆ ಮಾಡಿ, ಗುರುನಾಥ, ಸತೀಶಕುಮಾರ ಇಬ್ಬರೂ ಹೊಲದ ಸುತ್ತ ಎಡೆಯ ಅಡಿಗೆಯ ಚರಗ ಚೆಲ್ಲಿ ಬಂದರು. ಗಿಡದ ಕೆಳಗೆ ಹಾಸಿದ ತಾಡಪತ್ರಿಯ ಮೇಲೆ ಪಂಕ್ತಿ ಕೂತಿತು. ಸಜ್ಜೆರೊಟ್ಟಿ, ಸೊಪ್ಪು-ಕಾಳಿನ ಭಜ್ಜಿ, ಅಂಬಲಿ. ಕಲಾವತಿ ಬುಟ್ಟಿ ತುಂಬ ಹೋಳಿಗೆ ತಂದಿದ್ದಳು.

ಡಾಕ್ಟರು ಹೇಳಿದ್ದೆಲ್ಲ ಗೊತ್ತಿದ್ದರೂ ಮಹಾನಂದಾ ಬಂದ ಕೂಡಲೇ ಪೂನಂ ಕೊರಳು ನೋಡಿದ್ದಳು. ನೂಲಿನ ದಾರ ಬೆವರಿಗೆ ಮಾಸಿತ್ತು. ಕೊರಳು ಸ್ವಚ್ಛವಾಗಿತ್ತು.

"ಸ್ನೇಹಲ್, ಎಲಿ ಮುಂದ ಮಾಡು" ಎಂದು ಕಲಾವತಿ ಬಂದಳು. ಒಂದು ಹೋಳಿಗೆ ಹಾಕಿದಳು, ತುಪ್ಪ ಸುರಿದಳು. ಸ್ನೇಹಲ್ ಮುರಿಯದೆ ಕೂತಿದ್ದಳು.

"ಯಾಕ? ದೊಡ್ಡವ್ವನ ಹೋಳಿಗಿ ಸೇರಂಗಿಲ್ಲೇನು?"

"ಹಂಗಲ್ಲ ದೊಡ್ಡವ್ವಾ..."

"ತಿನ್ನು ತಿನ್ನು," ಪಾರ್ವತಿಬಾಯಿ ಅತ್ತಣಿಂದ ಹೇಳಿದರು, "ರಕ್ತ ಇಲ್ದಾಕಿ. ನನಗಂತೂ ಬಾಯಿ ಕಟ್ಟಿ ಕುಂಡ್ರಿಸ್ಯಾರ, ನನ್ನ ಪಾಲಿಂದೂ ನೀನೇ ತಿನ್ನು."

ಕಲಾವತಿ ಎರಡನೆಯದನ್ನು ಎತ್ತಿದಳು. ಸ್ನೇಹಲ್ ತಾಯಿಯ ಕಡೆ ತಿರುಗಿದಳು. ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಏನು ಮಾಡಲಿ ಎಂದು ಕೇಳುತ್ತಿದ್ದಳು, ಹೇಳಿದ್ದನ್ನು ಮಾಡಲು ತಯಾರಾಗಿದ್ದಳು. ತಾಯಿ ಸುಮ್ಮನಿದ್ದರೆ ಅದನ್ನೂ ತಿನ್ನುತ್ತಿದ್ದಳು, ಮೂರನೆಯದನ್ನೂ ತಿನ್ನುತ್ತಿದ್ದಳು.

"ಹಾಕಬ್ಯಾಡ್ರಿ ಅಕ್ಕಾ." ಮಹಾನಂದಾಳ ದನಿ ತಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ಆಕಿಗಿ ಸಕ್ಕರಿ ಏರ್‍ಯಾದ. ರಕ್ತ ಕಮ್ಮಿ ಅಲ್ಲ. ನಾ ಸುಳ್ಳ ಹೇಳಿದ್ದೆ."

ಹೋಳಿಗೆ ಕಲಾವತಿಯ ಕೈಯಲ್ಲೇ ಉಳಿಯಿತು. ತುಪ್ಪ ಮೊಣಕೈವರೆಗೆ ಇಳಿಯಿತು.

"ಯಾವಾಗಿಂದ?"

"ಮಳಿಗಾಲದಾಗ ಗೊತ್ತಾತು."

"ಮಳಿಗಾಲದಾಗ? ಮತ್ತ ನಾ ವಾರಾ ವಾರಾ ಬೆಲ್ಲದ ಉಂಡಿ ಕಟ್ಟಿ ಕಟ್ಟಿ ಕಳಿಸಿದ್ನಲ್ಲ! ಗೋಡಂಬಿ ಹಾಕಿ ಕಳಿಸಿದ್ನಲ್ಲ! ಬ್ಯಾಡ ಅನ್ನಾಕ ನಿನಗ ಬಾಯಿ ಇರಲಿಲ್ಲೇನು?"

"ಸಾಕು ಅಂದಿದ್ದೆ."

"ಸಾಕು ಅಂತ ಎಲ್ಲಾರೂ ಅಂತಾರ! ಬೀಗರೂ ಸಾಕು ಅಂತಾರ! ಅದಕ್ಕ ಬಡಿಸೂದು ಬಿಡ್ತಾರೇನು?" ಕಲಾವತಿಯ ಕಣ್ಣು ತುಂಬಿದ್ದವು. "ನನ್ನ ಕೈಲೆ ಹುಡುಗಿಗಿ ವಿಷ ಹಾಕಿಸಿದಿ ನೋಡು ನೀನು. ನಾ ಏನ ಮಾಡಿದ್ದೆ ನಿನಗ?"

ಏನೂ ಮಾಡಿರಲಿಲ್ಲ. ಉತ್ತರ ಅಷ್ಟೇ ಆಗಿತ್ತು.

ಪಾರ್ವತಿಬಾಯಿ ರೊಟ್ಟಿಯನ್ನು ಎಲೆಗೆ ಇಟ್ಟರು. "ನನ್ನ ಟ್ರಂಕಿನ ಬೆಳ್ಳಿ ಒಬ್ಬಾಕಿಗಿ ಕೊಟ್ಟೆ. ಕೇಳದನೇ ಇನ್ನೊಬ್ಬಾಕಿಗಿ ನನ್ನ ಸಕ್ಕರಿ ಕೊಟ್ಟೆ ನೋಡು" ಎಂದರು. ಯಾರೂ ನಗಲಿಲ್ಲ. ಅವರೂ ನಗಿಸಲು ಹೇಳಿರಲಿಲ್ಲ.

ಪೂನಂ ಕೈ ಚಾಚಿ ಸ್ನೇಹಲ್‌ಳ ಎಲೆಯ ಮೇಲಿದ್ದ ಹೋಳಿಗೆಯನ್ನು ಎತ್ತಿಕೊಂಡು ಬಾಯಿಗೆ ತುರುಕಿದಳು. "ಭಜ್ಜಿ ತಿನ್ನು. ಲಗೂ ತಿನ್ನು. ಆ ಬದುವಿನ ಬಾರಿಗಿಡದ ತನಕ ಓಡೂನು."

"ಪೂನಂಗೂ ಸಕ್ಕರಿ ನೋಡಸ್ಬೇಕಂತ ಅಕ್ಕಾ" ಎಂದಳು ಮಹಾನಂದಾ. "ಅತ್ತಿಯವರಿಗಿ ಅದಲ್ಲ, ಅದಕ್ಕ. ಡಾಕ್ಟರ್ ಆವಾಗೇ ಹೇಳಿದ್ರು."

ಕಲಾವತಿ ಕೈ ತೊಳೆಯುತ್ತಿದ್ದಳು. ಅದನ್ನೂ ಇಷ್ಟು ದಿನ ಹೇಳದೆ ಇಟ್ಟಿದ್ದಳು ಎಂಬುದು ಅವಳಿಗೆ ತಿಳಿಯಿತು. ನೀರಿನ ತಂಬಿಗೆಯನ್ನು ಜೋರಾಗಿಯೇ ಕೆಳಗಿಟ್ಟಳು.

ಹುಡುಗಿಯರು ಎದ್ದರು. ಹೋಗುವ ಮುಂಚೆ ಸ್ನೇಹಲ್ ಕೊರಳ ಕರಡಿಗೆಯನ್ನು ಅಂಗಿಯ ಒಳಗೆ ಸೇರಿಸಿ ಕಾಲರಿನ ಗುಂಡಿ ಹಾಕಲು ಹೋದಳು, ಹಾಕದೆ ಹಾಗೇ ಬಿಟ್ಟಳು. ಪೂನಂ ಮುಂದೆ ಓಡಿದಳು. ಸ್ನೇಹಲ್ ಸ್ವಲ್ಪ ದೂರ ಓಡಿ, ನಿಂತು, ಸೊಂಟ ಹಿಡಿದುಕೊಂಡು ನಡೆದಳು. ಪೂನಂ ಮರಳಿ ಬಂದು ಅವಳ ಸುತ್ತ ಒಂದು ಸುತ್ತು ಹಾಕಿ ಮತ್ತೆ ಓಡಿದಳು. ಜೋಳದ ಮೇಲಿನಿಂದ ಎರಡು ತಲೆ ಮಾತ್ರ ಕಾಣುತ್ತಿದ್ದವು. ಅಷ್ಟು ದೂರದಿಂದಲೂ ಮಹಾನಂದಾಳ ಕಣ್ಣು ಯಾವುದು ಮುಂದಿದೆ ಎಂದು ನೋಡುತ್ತಲೇ ಇತ್ತು.

"ಐತವಾರಕ್ಕೊಮ್ಮಿ ಆಕಿನ್ನ ನಮ್ಮಲ್ಲಿಗಿ ಕಳಸು" ಎಂದಳು ಕಲಾವತಿ ಕೊನೆಗೆ, ಈ ಕಡೆ ನೋಡದೆ. "ಮೈದಾನಕ್ಕ ಪೂನಂ ಕರಕೊಂಡು ಹೋಗ್ತಾಳ. ಉಪ್ಪು ಖಾರದ್ದೇ ಮಾಡಿ ಹಾಕ್ತೀನಿ. ನಂಬಿಕಿ ಇದ್ರ ಕಳಸು."

ತನ್ನ ಮಗಳು ಕಲಾವತಿಯ ಮನೆಯಲ್ಲಿ. ಕಲಾವತಿಯ ಮಗಳ ಹಿಂದೆ ಓಡುತ್ತ, ಕಲಾವತಿಯ ಕೈಯಡಿಗೆ ಉಣ್ಣುತ್ತ. ಗುಣವಾದರೆ ಅಲ್ಲೇ ಗುಣವಾಗಬೇಕು. ಎದೆಯಲ್ಲಿ ಆ ಹಳೆಯ ಮುಳ್ಳು ಮತ್ತೆ ಮಗ್ಗುಲಾಯಿತು.

"ಕಳಸ್ತೀನಿ" ಎಂದಳು. ಸ್ವಲ್ಪ ತಡೆದು, "ನಾನೂ ಬರ್ತೀನಿ" ಎಂದಳು.

ಕಲಾವತಿ ಮೊದಲ ಸಲ ಅವಳ ಕಡೆ ತಿರುಗಿದಳು. ಮೂಗು ಒರೆಸಿಕೊಂಡಳು.

"ಬಾ. ಕಾಯಾಕರೆ ಬಾ" ಎಂದು ಉಳಿದ ಹೋಳಿಗೆಗಳ ಮೇಲೆ ಅರಿವೆ ಮುಚ್ಚಿದಳು. "ಮಾಳಗಿ ಮ್ಯಾಲ ಜಾಗಾ ಬೇಕಾದಷ್ಟು ಅದ. ನಿನ್ನನ್ನೂ ಒಂದು ಧೋತರದ ಮ್ಯಾಲ ಹಾಕಿ ಒಣಗಸ್ತೀನಿ."

ಬದುವಿನ ಕಡೆಯಿಂದ ಸ್ನೇಹಲ್ ಕೂಗುತ್ತಿದ್ದಳು. ಅವ್ವಾ ಎಂದಳೋ, ದೊಡ್ಡವ್ವಾ ಎಂದಳೋ, ಗಾಳಿಯಲ್ಲಿ ಸರಿಯಾಗಿ ತಿಳಿಯಲಿಲ್ಲ. ಮಹಾನಂದಾ ಸೆರಗು ತಲೆಯ ಮೇಲೆ ಎಳೆದುಕೊಳ್ಳಲು ಹೋಗಿ, ಬಿಟ್ಟು, ಎದ್ದು ಬಿಸಿಲಿಗೆ ನಡೆದಳು.